ಚೀಪ್‌ಸೈಡ್‌ನಲ್ಲಿ ನಿಂತು ದೊಡ್ಡಪೇಟೆಯ ನೆನಪು

ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ ಬಳಿಯಿಂದ ಪೂರ್ವಕ್ಕೆ ಹೊರಡುವ ಬೀದಿಯ ಹೆಸರು ಚೀಪ್‌ಸೈಡ್. ಹಲವು ವರ್ಷ ಕಚೇರಿಗೆ ಈ ಬೀದಿಯಲ್ಲೇ ನಡೆದುಹೋಗಿದ್ದೇನೆ. ಅಡ್ಡಬೀದಿಗಳ ಫಲಕಗಳು ದಿನವೂ ಕಣ್ಣಿಗೆ ಬೀಳುತ್ತಿದ್ದರೂ ಅವುಗಳನ್ನು ಒಟ್ಟಿಗೆ ಓದಿರಲಿಲ್ಲ. ಓದಿಸಿದವರು ಅಪ್ಪ. ಒಂದು ಬೇಸಿಗೆಯಲ್ಲಿ ನಮ್ಮಲ್ಲಿಗೆ ಬಂದಿದ್ದ ಅವರು ಪ್ರತಿ ಫಲಕದ ಕೆಳಗೂ ನಿಂತು, ಕನ್ನಡಕ ಸರಿಮಾಡಿಕೊಂಡು, ಗಟ್ಟಿಯಾಗಿ ಓದುತ್ತ ಬಂದರು: ಬ್ರೆಡ್ ಸ್ಟ್ರೀಟ್, ಮಿಲ್ಕ್ ಸ್ಟ್ರೀಟ್, ಹನಿ ಲೇನ್, ಐರನ್‌ಮಂಗರ್ ಲೇನ್. ಕೊನೆಗೆ ಚೀಪ್‌ಸೈಡ್ ಮುಗಿದು ಪೌಲ್ಟ್ರಿ ಎಂಬ ಬೀದಿ ಶುರುವಾಗುವಲ್ಲಿ ನಿಂತು, “ಇದು ನಮ್ಮ ಪೇಟೆಯೇ ಕಣೋ. ನಮಗೆ ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ. ಇವರಿಗೆ ರೊಟ್ಟಿ, ಹಾಲು, ಜೇನು, ಕಬ್ಬಿಣ, ಕೋಳಿ” ಎಂದರು.

ಅಪ್ಪ ಹೇಳಿದ್ದು ಅಕ್ಷರಶಃ ನಿಜ. ಚೀಪ್ ಎಂದರೆ ಇಂದು ಅಗ್ಗ. ಆದರೆ ಹಳೆಯ ಇಂಗ್ಲಿಷಿನಲ್ಲಿ ಆ ಪದದ ಮೂಲರೂಪಕ್ಕೆ ಕೊಡುಕೊಳ್ಳುವಿಕೆ, ಸಂತೆ ಎಂಬ ಅರ್ಥವಿತ್ತು. ಅಗ್ಗವೆಂಬ ಅರ್ಥ ‘ಒಳ್ಳೆಯ ವ್ಯಾಪಾರ’ ಎಂಬ ಮಾತಿನಿಂದ ಆಮೇಲೆ ಹುಟ್ಟಿತು. ಇಂಗ್ಲೆಂಡಿನಲ್ಲಿ ಚಿಪ್ಪಿಂಗ್ ನಾರ್ಟನ್, ಚಿಪ್ಪಿಂಗ್ ಕ್ಯಾಂಪ್‌ಡೆನ್ ಎಂಬ ಊರುಗಳಿವೆ. ಆ ಚಿಪ್ಪಿಂಗ್ ಕೂಡ ಇದೇ ಬೇರಿನದು. ನಮ್ಮ ಸಂತೇಮರಹಳ್ಳಿ, ಸಂತೇಬೆನ್ನೂರುಗಳಲ್ಲಿ ಸಂತೆ ಕೂತಿರುವ ಹಾಗೆ. ಕವಿ ಮಿಲ್ಟನ್ 1608ರಲ್ಲಿ ಹುಟ್ಟಿದ್ದು ಇಲ್ಲಿನ ಬ್ರೆಡ್ ಸ್ಟ್ರೀಟಿನಲ್ಲಿ. ಆದರೂ ಅದು ಇಂದಿಗೂ ರೊಟ್ಟಿಯ ಬೀದಿಯೇ. ಅಷ್ಟು ದೊಡ್ಡ ಕವಿಯ ಹೆಸರಿಗಾಗಿಯೂ ರೊಟ್ಟಿ ಮಾರುವವರನ್ನು ಅಲ್ಲಿಂದ ಎಬ್ಬಿಸಲಿಲ್ಲ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

1666ರ ಸೆಪ್ಟೆಂಬರಿನಲ್ಲಿ ಪುಡ್ಡಿಂಗ್ ಲೇನಿನ ಬೇಕರಿಯೊಂದರಲ್ಲಿ ಹೊತ್ತಿದ ಬೆಂಕಿ ಈ ಇಡೀ ಪ್ರದೇಶವನ್ನು ಸುಟ್ಟು ಬೂದಿ ಮಾಡಿತು. (ಪುಡ್ಡಿಂಗ್ ಎಂದರೆ ಸಿಹಿತಿಂಡಿಯೆಂದೇ ನಾನೂ ತಿಳಿದಿದ್ದೆ. ಬೀದಿಗೆ ಆ ಹೆಸರು ಬಂದ ಕಾಲದಲ್ಲಿ ಅದು ಕಸಾಯಿಗಳು ಸಾಗಿಸುತ್ತಿದ್ದ ಪ್ರಾಣಿಗಳ ಕರುಳಿನ ಹೆಸರು.) ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ಅಗಲವಾದ ನೇರ ರಸ್ತೆಗಳ ಹೊಸ ನಗರದ ನಕ್ಷೆಯನ್ನೇ ಬರೆದುಕೊಟ್ಟ. ಅದು ಕೈಗೂಡಲಿಲ್ಲ. ನಿವೇಶನಗಳ ಒಡೆಯರು ತಮ್ಮ ತಮ್ಮ ಜಾಗದಲ್ಲೇ ಮತ್ತೆ ಕಟ್ಟಿಕೊಂಡರು. ಬೀದಿಗಳು ಬಹುಪಾಲು ಹಳೆಯ ಜಾಡಿನಲ್ಲೇ ಎದ್ದವು, ಹೆಸರುಗಳೂ ಅವುಗಳ ಜೊತೆ ಎದ್ದವು. ಎರಡನೆಯ ಮಹಾಯುದ್ಧದ ಬಾಂಬುಗಳು ಮತ್ತೆ ಬಹುಭಾಗವನ್ನು ನೆಲಸಮ ಮಾಡಿದವು. ಇಂದು ಮಿಲ್ಕ್ ಸ್ಟ್ರೀಟಿನಲ್ಲಿ ಗಾಜಿನ ಕಟ್ಟಡಗಳಿವೆ, ಹಾಲಿನವರಿಲ್ಲ. ಫಲಕ ಮಾತ್ರ ಹಾಲಿನದೇ. ಲಂಡನ್ನಿನವರು ಹೆಸರು ಬದಲಿಸಿಯೇ ಇಲ್ಲ ಎನ್ನಲಾರೆ. ಹೇಳಲು ನಾಚುವಂಥ ಹಳೆಯ ಹೆಸರುಗಳನ್ನು ತೆಗೆದಿದ್ದಾರೆ. ಒಂದೇ ಹೆಸರಿನ ಹತ್ತಾರು ಬೀದಿಗಳಿದ್ದ ಕಡೆ ಗೊಂದಲ ತಪ್ಪಿಸಲು ಬೇರೆ ಹೆಸರಿಟ್ಟಿದ್ದಾರೆ.

ಈಗ ನಮ್ಮ ಬೆಂಗಳೂರಿಗೆ ಬರುತ್ತೇನೆ. ಕೆಂಪೇಗೌಡರು 1537ರಲ್ಲಿ ಕಟ್ಟಿದ ಪೇಟೆಗೆ ಎರಡು ಮುಖ್ಯ ಬೀದಿಗಳು: ಪೂರ್ವ-ಪಶ್ಚಿಮಕ್ಕೆ ಚಿಕ್ಕಪೇಟೆ, ಉತ್ತರ-ದಕ್ಷಿಣಕ್ಕೆ ದೊಡ್ಡಪೇಟೆ. ಅವೆರಡೂ ಕೂಡುವ ಚೌಕವೇ ಊರಿನ ಎದೆ. ಚಿಕ್ಕಪೇಟೆಗೆ ಇಂದು ಅದೇ ಹೆಸರಿನ ಮೆಟ್ರೋ ನಿಲ್ದಾಣವೂ ಇದೆ. ದೊಡ್ಡಪೇಟೆ ಬ್ರಿಟಿಷರ ಕಾಲದಲ್ಲಿ ಅವೆನ್ಯೂ ರೋಡ್ ಆಗಿದ್ದು, ಸ್ವಾತಂತ್ರ್ಯ ಬಂದ ಮೇಲೂ ಹಾಗೆಯೇ ಉಳಿಯಿತು. ಅವೆನ್ಯೂ ಎಂದರೆ ಸಾಲುಮರದ ಹಾದಿ. ಹಳೆಯ ಪಠ್ಯಪುಸ್ತಕಗಳಿಗಾಗಿ ಜೂನ್ ತಿಂಗಳಲ್ಲಿ ಅಲ್ಲಿ ಅಲೆದ ನನಗೆ ನೆನಪಿರುವುದು ಕಾಲಿಡಲೂ ಜಾಗವಿಲ್ಲದ ಪಾದಚಾರಿ ಹಾದಿ, ಎದೆಯೆತ್ತರದ ಪುಸ್ತಕದ ರಾಶಿಗಳು, ಯಾರೋ ಪೆನ್ಸಿಲಿನಲ್ಲಿ ಉತ್ತರ ಬರೆದಿಟ್ಟ ಗಣಿತದ ಪುಸ್ತಕದ ವಾಸನೆ. ಅದು ದೊಡ್ಡಪೇಟೆ ಎಂದು ಶಾಲೆಯಲ್ಲಿ ನಮಗೆ ಯಾರೂ ಹೇಳಲಿಲ್ಲ.

ಹೆಸರು ಬದಲಿಸುವುದೇ ತಪ್ಪು ಎಂಬುದು ನನ್ನ ವಾದವಲ್ಲ. ಬ್ರಿಟಿಷ್ ದಂಡಿನ ಸೌತ್ ಪರೇಡ್ ಬೀದಿ ಮಹಾತ್ಮ ಗಾಂಧಿ ರಸ್ತೆಯಾದದ್ದು ನ್ಯಾಯವಾಗಿಯೇ ಇತ್ತು. ಆದರೆ ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆಗಳ ಮಾತು ಬೇರೆ. ಮಡಕೆ ಮಾಡಿದವರಿಗೆ, ಎಣ್ಣೆ ತೆಗೆದವರಿಗೆ, ಹೂವು ತರಕಾರಿ ಬೆಳೆದವರಿಗೆ ಈ ಊರು ಪ್ರತಿಮೆ ನಿಲ್ಲಿಸಲಿಲ್ಲ. ಅವರ ಪಾಲಿಗೆ ದಕ್ಕಿರುವುದು ಬೀದಿಯ ಹೆಸರೊಂದೇ. ಗಣ್ಯರನ್ನು ಗೌರವಿಸಲು ಹೊಸ ಬಡಾವಣೆಗಳ ನೂರಾರು ರಸ್ತೆಗಳು ಬರೀ ಅಂಕಿ ಹೊತ್ತು ಕಾಯುತ್ತಿವೆ. ಅಲ್ಲಿಡುವಾಗಲೂ ಹೆಸರನ್ನು ಪೂರ್ತಿ ಬರೆಯಲಿ, ಪೂರ್ತಿ ಕರೆಯೋಣ. ಊರು ಕಟ್ಟಿದ ಕೆಂಪೇಗೌಡರೇ ನಮ್ಮ ಬಾಯಲ್ಲಿ ‘ಕೆ.ಜಿ. ರಸ್ತೆ’ಯ ಎರಡಕ್ಷರವಾಗಿಬಿಟ್ಟಿದ್ದಾರೆ.

ಅವೆನ್ಯೂ ರೋಡಿನ ಫಲಕದಲ್ಲಿ ‘ದೊಡ್ಡಪೇಟೆ’ ಎಂಬ ಹೆಸರು ಮತ್ತೆ ದೊಡ್ಡಕ್ಷರದಲ್ಲಿ ಬರಬೇಕು. ಇಂಗ್ಲಿಷ್ ಹೆಸರು ಬೇಕಾದರೆ ಅದರ ಕೆಳಗಿರಲಿ. ಇದನ್ನು ಹೇಳಿದಾಗಲೆಲ್ಲ ಗೆಳೆಯರು, ಆ ಹೆಸರು ಈಗ ಯಾರಿಗೆ ಗೊತ್ತಿದೆ ಎಂದು ಕೇಳುತ್ತಾರೆ.

ಕಳೆದ ಸಲ ಊರಿಗೆ ಬಂದಾಗ ಮಲ್ಲೇಶ್ವರದಲ್ಲಿ ಆಟೋ ಹತ್ತಿ “ದೊಡ್ಡಪೇಟೆಗೆ ಹೋಗಬೇಕು” ಎಂದೆ. ಅರುವತ್ತು ದಾಟಿದ ಚಾಲಕರು ಮೀಟರ್ ಹಾಕುತ್ತ ಕೇಳಿದರು: “ಎಲ್ಲಿ ಇಳಿಯುತ್ತೀರಿ ಸ್ವಾಮಿ, ಮೈಸೂರು ಬ್ಯಾಂಕ್ ಕಡೆಗೋ, ಮಾರ್ಕೆಟ್ ಕಡೆಗೋ?”