‘ಬೆಂಬಲಿಸಿದೆ’ ಅಂದರೆ ಸಾಲದು, ಮತ ಹೇಗೆ ನಡೆಯಿತು ಅಂತಲೂ ಬರೆಯಿರಿ

ಅಧಿವೇಶನ ಮುಗಿಯುತ್ತಲೇ ಶಾಸಕರು, ಸಂಸದರ ಪುಟಗಳಲ್ಲಿ ‘ಜನಪರ ಮಸೂದೆಗೆ ನನ್ನ ಬೆಂಬಲ’ ಎಂಬ ಪೋಸ್ಟರ್ ಬರುತ್ತದೆ. ಕ್ಷೇತ್ರದ ಜನರಿಗೆ ವರದಿ ಒಪ್ಪಿಸುವುದು ಒಳ್ಳೆಯ ರೂಢಿ, ಅದು ನಿಲ್ಲಬಾರದು. ಆದರೆ ಆ ಮಾತು ನಿಜವೋ ಅಲ್ಲವೋ ಎಂದು ನೋಡಲು ಹೆಚ್ಚಿನ ಸಲ ನಮಗೆ ದಾರಿಯೇ ಇಲ್ಲ. ಬಹುಪಾಲು ಮಸೂದೆಗಳು ಪಾಸಾಗುವುದು ಧ್ವನಿಮತದಲ್ಲಿ.

ಪರ ಇರುವವರು ‘ಹೌದು’ ಅನ್ನುತ್ತಾರೆ, ವಿರೋಧ ಇರುವವರು ‘ಇಲ್ಲ’ ಅನ್ನುತ್ತಾರೆ. ಯಾವ ದನಿ ಹೆಚ್ಚು ಎಂದು ಪೀಠಕ್ಕೆ, ಅಂದರೆ ಸಭೆ ನಡೆಸುವ ಸ್ಪೀಕರ್ ಅಥವಾ ಸಭಾಪತಿಗೆ, ಅನ್ನಿಸುತ್ತದೋ ಅದೇ ತೀರ್ಮಾನ. ನಡವಳಿಯಲ್ಲಿ, ಅಂದರೆ ಕಲಾಪದ ದಾಖಲೆಯಲ್ಲಿ, ಉಳಿಯುವುದು ಅಂಗೀಕಾರವಾಯಿತು ಎಂಬುದಷ್ಟೇ. ಹೆಸರಿಲ್ಲ, ಲೆಕ್ಕವೂ ಇಲ್ಲ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಎರಡು ಕೃಷಿ ಮಸೂದೆಗಳು ಪಾಸಾದದ್ದು ಹೀಗೆಯೇ. ಮಹಿಳಾ ಮೀಸಲಾತಿ ಮಸೂದೆ ಸಂವಿಧಾನ ತಿದ್ದುಪಡಿಯಾದ್ದರಿಂದ ಲೆಕ್ಕ ಹಾಕಲೇಬೇಕಿತ್ತು. 2023ರ ಸೆಪ್ಟೆಂಬರ್ 20ರಂದು ಲೋಕಸಭೆಯಲ್ಲಿ ಅದರ ಪರ 454, ವಿರುದ್ಧ 2 ಮತ ಬಿದ್ದವು. ಆ ಇಬ್ಬರು ಯಾರೆಂದು ಇವತ್ತಿಗೂ ಹುಡುಕಿ ನೋಡಬಹುದು.

ಧ್ವನಿಮತ ಒಪ್ಪಿಗೆಯಾಗದ ಸದಸ್ಯರು ಮತ ವಿಭಜನೆ, ಅಂದರೆ ಪರ-ವಿರೋಧಗಳನ್ನು ಬೇರೆ ಬೇರೆಯಾಗಿ ಎಣಿಸುವುದನ್ನು, ಕೇಳಬಹುದು. ಲೋಕಸಭೆಯಲ್ಲಿ ಆಗ ಗಂಟೆ ಬಾರಿಸುತ್ತದೆ, ಹೊರಗಿದ್ದವರು ಓಡಿ ಬರುತ್ತಾರೆ, ಬಾಗಿಲು ಹಾಕುತ್ತಾರೆ. ಮೇಜಿನ ಮೇಲೆ ಹಸಿರು ಗುಂಡಿ ಪರ, ಕೆಂಪು ವಿರೋಧ, ಹಳದಿ ತಟಸ್ಥ. ತಪ್ಪು ಗುಂಡಿ ಒತ್ತಿದವರು ಚೀಟಿ ಕೊಟ್ಟು ಸರಿಪಡಿಸಿಕೊಳ್ಳಬಹುದು, ಹಾಗಾಗಿ ಫಲಕದಲ್ಲಿ ಮೊದಲು ಮೂಡುವ ಅಂಕಿಯೇ ಕೊನೆಯದಲ್ಲ. ನಮ್ಮ ವಿಧಾನಸಭೆಯಲ್ಲಿ 2019ರ ಜುಲೈ 23ರ ವಿಶ್ವಾಸಮತದಂದು ಸದಸ್ಯರನ್ನು ಸಾಲು ಸಾಲಾಗಿ ನಿಲ್ಲಿಸಿ ತಲೆ ಎಣಿಸಿದರು. 99–105ರಲ್ಲಿ ಸರ್ಕಾರ ಬಿತ್ತು.

ಒಂದು ತೊಡಕಿದೆ. ವಿಭಜನೆ ಅನಗತ್ಯ ಎಂದು ಲೋಕಸಭೆಯ ಸ್ಪೀಕರ್‌ಗೆ ಅನ್ನಿಸಿದರೆ ಬರೀ ಎದ್ದು ನಿಲ್ಲಿಸಿ ಎಣಿಸಬಹುದು. ಆಗ ಹೆಸರು ದಾಖಲಾಗುವುದಿಲ್ಲ. ಈ ನಿಯಮ ಬದಲಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

‘ಸಭಾತ್ಯಾಗ ಮಾಡಿ ವಿರೋಧಿಸಿದೆ’ ಎಂಬ ಮಾತಂತೂ ಜನರ ದಾರಿ ತಪ್ಪಿಸುತ್ತದೆ. ಸಾಮಾನ್ಯ ಮಸೂದೆಗೆ ಬೇಕಾದದ್ದು ಹಾಜರಿದ್ದು ಮತ ಹಾಕಿದವರ ಬಹುಮತ ಮಾತ್ರ. 200 ಮಂದಿ ಮತ ಹಾಕಿದರೆ ಗೆಲ್ಲಲು 101 ಬೇಕು. 40 ಮಂದಿ ಎದ್ದು ಹೋದರೆ 81 ಸಾಕು. ಎದ್ದು ಹೋದವರು ಮಸೂದೆಯ ಹಾದಿಯನ್ನು ಸಲೀಸು ಮಾಡಿಕೊಟ್ಟ ಹಾಗಾಯಿತು. ಸಂವಿಧಾನ ತಿದ್ದುಪಡಿಯ ಲೆಕ್ಕ ಬೇರೆ. ಅಲ್ಲಿ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟರ ಜೊತೆಗೆ ಸದನದ ಒಟ್ಟು ಸದಸ್ಯಬಲದ ಬಹುಮತವೂ ಬೇಕು.

ವಿಪ್, ಅಂದರೆ ಹೀಗೇ ಮತ ಹಾಕಬೇಕು ಎಂಬ ಪಕ್ಷದ ಆದೇಶ, ಇತ್ತೇ ಅಂತಲೂ ಕೇಳಿ. 1985ರಲ್ಲಿ ಬಂದ ಸಂವಿಧಾನದ ಹತ್ತನೇ ಅನುಸೂಚಿಯ (ಪಕ್ಷಾಂತರ ನಿಷೇಧದ) ಪ್ರಕಾರ ವಿಪ್ ಮೀರಿ ಮತ ಹಾಕಿದರೂ, ಮತದಾನದಿಂದ ದೂರ ಉಳಿದರೂ, ಪಕ್ಷ 15 ದಿನದೊಳಗೆ ಮನ್ನಿಸದಿದ್ದರೆ ಸದಸ್ಯತ್ವವೇ ಹೋಗಬಹುದು. ವಿಪ್ ಇದ್ದ ದಿನದ ‘ಹೌದು’ ಪಕ್ಷದ್ದು. ಇಲ್ಲದ ದಿನದ್ದು ನಿಮ್ಮ ಪ್ರತಿನಿಧಿಯ ಸ್ವಂತದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಮತ ಬಿದ್ದದ್ದು ಯಾವ ಹಂತದಲ್ಲಿ ಎಂಬುದೂ ಮುಖ್ಯ. ಮಂಡನೆ, ಪರ್ಯಾಲೋಚನೆ (ಮಸೂದೆಯನ್ನು ಚರ್ಚೆಗೆ ಎತ್ತಿಕೊಳ್ಳುವುದು), ಮಸೂದೆಯ ಒಂದೊಂದೇ ಖಂಡ, ತಿದ್ದುಪಡಿಗಳು, ಕೊನೆಗೆ ಅಂಗೀಕಾರ, ಎಲ್ಲದಕ್ಕೂ ಬೇರೆ ಬೇರೆ ಮತ. ವಿರೋಧ ಪಕ್ಷದ ತಿದ್ದುಪಡಿಗೆ ‘ಹೌದು’ ಎಂದು ಅದು ಬಿದ್ದ ಮೇಲೆ ಇಡೀ ಮಸೂದೆಗೂ ‘ಹೌದು’ ಎನ್ನುವವರಿರುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಎರಡನ್ನೂ ಹೇಳಬೇಕು.

ಒಬ್ಬ ಶಾಸಕರು ಪ್ರತಿ ಮಸೂದೆಗೆ ಇಷ್ಟು ಬರೆದರೆ ಸಾಕು: ‘ಎಲ್.ಎ. (ವಿಧಾನಸಭೆಯ) ಬಿಲ್ ಸಂಖ್ಯೆ ಇಂಥದ್ದು. ಅಂಗೀಕಾರದ ಹಂತ. ಧ್ವನಿಮತ. ವಿಪ್ ಇರಲಿಲ್ಲ. ನಾನು ಸದನದಲ್ಲಿದ್ದೆ, ಇಲ್ಲ ಎಂದೆ, ವಿಭಜನೆ ಕೇಳಿದೆ, ಪೀಠ ಒಪ್ಪಲಿಲ್ಲ.’ ವಿಭಜನೆ ಕೇಳಿದ ಮಾತು ನಡವಳಿಯಲ್ಲಿರುತ್ತದೆ. ದಿನಾಂಕ ಹಿಡಿದು ನೀವೇ ತಾಳೆ ನೋಡಬಹುದು.