ಬೊಂಡಾಸಿನ ನರಕ್ಕೆ ಸರಕಾರದ ದುಡ್ಡು ಬೇಕೇ?

ನರಕೋಶಗಳ ಗೋಡೆಯಲ್ಲಿರುವ ಪುಟ್ಟ ಬಾಗಿಲುಗಳ, ಅಂದರೆ ಅಯಾನ್ ಚಾನೆಲ್‌ಗಳ, ಅಧ್ಯಯನಕ್ಕೆ ಸರಕಾರ ಈಗಿರುವುದಕ್ಕಿಂತ ಜಾಸ್ತಿ ಹಣ ಕೊಡಬೇಕೇ? ಉಡುಪಿಯ ಶರೀರಕ್ರಿಯಾಶಾಸ್ತ್ರದ ಉಪನ್ಯಾಸಕಿಯೊಬ್ಬರು ಮತ್ತು ಕರಾವಳಿಯ ನಿವೃತ್ತ ಫಾರ್ಮಸಿಸ್ಟ್ ಒಬ್ಬರು ಇಲ್ಲಿ ಬರೆದಿದ್ದಾರೆ.

ಪರ: ಆ ಎರಡು ವರ್ಷ ಯಾರು ವಾಪಸ್ ಕೊಡುತ್ತಾರೆ?

ನನ್ನ ಅಕ್ಕನ ಮಗಳಿಗೆ ಆರು ತಿಂಗಳಾಗಿದ್ದಾಗ ಜ್ವರ ಬಂತು. ಜ್ವರದ ಜೊತೆಗೇ ಫಿಟ್ಸ್ ಬಂತು. ಅರ್ಧ ಗಂಟೆಯಾದರೂ ನಿಲ್ಲಲಿಲ್ಲ. ಆಮೇಲೆ ಒಂದು ಆಸ್ಪತ್ರೆಯಲ್ಲಿ ಕಾರ್ಬಮಜೆಪಿನ್ ಎಂಬ ಔಷಧಿ ಶುರು ಮಾಡಿದರು. ತುಂಬಾ ಜನರಿಗೆ ಒಗ್ಗುವ ಔಷಧಿ ಅದು. ಇವಳಿಗೆ ಫಿಟ್ಸ್ ಜಾಸ್ತಿಯಾಯಿತು. ಡೋಸ್ ಏರಿಸಿದರು, ಮತ್ತೂ ಜಾಸ್ತಿಯಾಯಿತು. ಎರಡು ವರ್ಷ ಹೀಗೇ ಹೋಯಿತು. ಅಕ್ಕ ರಾತ್ರಿ ಮಗುವಿನ ಎದೆಯ ಮೇಲೆ ಕೈ ಇಟ್ಟುಕೊಂಡೇ ಮಲಗುತ್ತಿದ್ದಳು.

ಕೊನೆಗೆ ಜೀನ್ ಪರೀಕ್ಷೆ ಮಾಡಿಸಿದಾಗ ಕಾರಣ ಸಿಕ್ಕಿತು. ಡ್ರಾವೆ ಸಿಂಡ್ರೋಮ್. ಎಸ್‌ಸಿಎನ್1ಎ ಎಂಬ ಜೀನಿನಲ್ಲಿ ದೋಷ. ನರಕೋಶದ ಗೋಡೆಯಲ್ಲಿರುವ ಒಂದು ಸೋಡಿಯಂ ಚಾನೆಲ್ಲನ್ನು ಕಟ್ಟುವ ಜೀನ್ ಅದು. ಚಾನೆಲ್ ಅಂದರೆ ಉಪ್ಪಿನ ಕಣಗಳು ಒಳಗೆ ಹೊರಗೆ ಹೋಗುವ ಪುಟ್ಟ ಬಾಗಿಲು. ಈ ಬಾಗಿಲುಗಳು ತೆರೆದು ಮುಚ್ಚಿದರೇ ನರದಲ್ಲಿ ವಿದ್ಯುತ್ತು ಹರಿಯುವುದು. ಮಿದುಳಿನಲ್ಲಿ ಬೇರೆ ಕೋಶಗಳನ್ನು ಸುಮ್ಮನಿರಿಸುವುದೇ ಕೆಲಸವಾದ ಕೋಶಗಳಿವೆ. ಡ್ರಾವೆ ಮಕ್ಕಳಲ್ಲಿ ಮೊದಲು ಸೋಲುವುದು ಆ ಕೋಶಗಳ ಸೋಡಿಯಂ ಬಾಗಿಲು. ಕಾರ್ಬಮಜೆಪಿನ್ ಮುಚ್ಚುವುದೂ ಸೋಡಿಯಂ ಬಾಗಿಲನ್ನೇ. ಮೊದಲೇ ಅರ್ಧ ಮುಚ್ಚಿದ್ದನ್ನು ನಾವು ದಿನಕ್ಕೆ ಎರಡು ಸಲ, ಪ್ರೀತಿಯಿಂದ, ಇನ್ನಷ್ಟು ಮುಚ್ಚುತ್ತಿದ್ದೆವು.

ಔಷಧಿ ಬದಲಾಯಿತು. ಫಿಟ್ಸ್ ಪೂರ್ತಿ ನಿಂತಿಲ್ಲ. ಆದರೆ ವಾರಕ್ಕೆ ಐದಾರು ಸಲ ಬರುತ್ತಿದ್ದದ್ದು ಈಗ ತಿಂಗಳಿಗೆ ಒಂದೆರಡು ಸಲ. ಈ ಜೀನಿಗೂ ಈ ಕಾಯಿಲೆಗೂ ಇರುವ ನಂಟು ಗೊತ್ತಾದದ್ದು 2001ರಲ್ಲಿ. ಅದಕ್ಕೆ ಮೊದಲು ಹುಟ್ಟಿದ್ದರೆ ಅವಳಿಗೆ ಈ ಉತ್ತರವೇ ಇರುತ್ತಿರಲಿಲ್ಲ.

ಆ ಉತ್ತರ ಶುರುವಾದದ್ದು ಬೊಂಡಾಸಿನಿಂದ. ಹೌದು, ಮಲ್ಪೆ ಬಂದರಿನಲ್ಲಿ ಬುಟ್ಟಿಗಟ್ಟಲೆ ಇಳಿಯುವ ಬೊಂಡಾಸ್, ಅಂದರೆ ಸ್ಕ್ವಿಡ್. ಪ್ರತಿ ವರ್ಷ ನರದ ಮೊದಲ ಪಾಠಕ್ಕೆ ನಾನು ಅಲ್ಲಿಂದ ಒಂದನ್ನು ತರುತ್ತೇನೆ. ಅದು ನೀರು ಚಿಮ್ಮಿಸಿ ಓಡುತ್ತದೆ, ಅದಕ್ಕಾಗಿ ದಪ್ಪ ನರ ಇಟ್ಟುಕೊಂಡಿದೆ. ಇಂಗ್ಲೆಂಡಿನ ಪ್ಲಿಮತ್‌ನಲ್ಲಿ 1939ರಲ್ಲಿ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಎಂಬ ವಿಜ್ಞಾನಿಗಳು ಅಂಥ ನರದೊಳಗೇ ತಂತಿ ಇಳಿಸಿ ವಿದ್ಯುತ್ತು ಅಳೆದರು. ಕೆಲವೇ ವಾರಗಳಲ್ಲಿ ಮಹಾಯುದ್ಧ ಶುರುವಾಗಿ ಕೆಲಸ ನಿಂತಿತು. ಯುದ್ಧ ಮುಗಿದ ಮೇಲೆ ಮತ್ತೆ ಹಿಡಿದರು. ಸೋಡಿಯಂ ಒಳಗೆ, ಪೊಟಾಷಿಯಂ ಹೊರಗೆ ಎಂಬ ಲೆಕ್ಕವನ್ನು 1952ರಲ್ಲಿ ಬರೆದರು. ನೊಬೆಲ್ ಬಂದದ್ದು 1963ರಲ್ಲಿ. ಒಂದೇ ಒಂದು ಚಾನೆಲ್ ತೆರೆದು ಮುಚ್ಚುವುದನ್ನು ನೆಹರ್ ಮತ್ತು ಸಾಕ್‌ಮನ್ ಅಳೆದದ್ದು 1976ರಲ್ಲಿ. ಮೆಕಿನಾನ್ ಪೊಟಾಷಿಯಂ ಬಾಗಿಲಿನ ಆಕಾರ ತೋರಿಸಿದ್ದು 1998ರಲ್ಲಿ. ಒಂದು ಬಾಗಿಲಲ್ಲಿ ಸೆಕೆಂಡಿಗೆ ಕೋಟಿಗಟ್ಟಲೆ ಕಣ ದಾಟುತ್ತವೆ. ಆದರೂ ಪೊಟಾಷಿಯಂಗಿಂತ ಚಿಕ್ಕದಾದ ಸೋಡಿಯಂ ದಾಟುವುದಿಲ್ಲ! ಇದನ್ನು ಹೇಳುವಾಗ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಇದೆಲ್ಲ ದೂರದ ಮಾತಲ್ಲ. ಹಲ್ಲಿನ ಡಾಕ್ಟರು ಕೊಡುವ ಮರಗಟ್ಟಿಸುವ ಇಂಜೆಕ್ಷನ್ ಸೋಡಿಯಂ ಬಾಗಿಲು ಮುಚ್ಚುತ್ತದೆ. ಬಲೆಗೆ ಸಿಕ್ಕರೆ ಮೀನುಗಾರರು ಎಸೆಯುವ, ಹೊಟ್ಟೆ ಊದಿಸಿಕೊಳ್ಳುವ ಮೀನಿನ ವಿಷವೂ ಅದೇ ಬಾಗಿಲು ಮುಚ್ಚುತ್ತದೆ. ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಕಡೆ ಗೇರು ತೋಟಗಳಿಗೆ ಮೇಲಿನಿಂದ ಎಂಡೋಸಲ್ಫಾನ್ ಸುರಿದರಲ್ಲ, ಅದು ಕೀಟವನ್ನು ಕೊಲ್ಲುವುದು ನರದ ಕ್ಲೋರೈಡ್ ಬಾಗಿಲನ್ನು ಮುಚ್ಚಿ. ಅದೇ ಬಗೆಯ ಬಾಗಿಲು ಮನುಷ್ಯರಿಗೂ ಇದೆ. ಆದ್ದರಿಂದಲೇ ಆ ವಿಷ ಜಾಸ್ತಿ ಒಳಹೋದವರಿಗೆ ಫಿಟ್ಸ್ ಬರುತ್ತದೆ. ಸುಪ್ರೀಂ ಕೋರ್ಟು ಅದನ್ನು ತಡೆದದ್ದು 2011ರಲ್ಲಿ. ನಮ್ಮ ಕರಾವಳಿಯವರೇ ಈ ಅಧ್ಯಯನ ಯಾಕೆ ಎಂದು ಕೇಳಿದರೆ ನನಗೆ ನೋವಾಗುತ್ತದೆ.

ಇನ್ನು ಹಣ. ನಮ್ಮ ದೇಶ ಎಲ್ಲಾ ಬಗೆಯ ಸಂಶೋಧನೆಗೆ ಸೇರಿ 2020-21ರಲ್ಲಿ ಖರ್ಚು ಮಾಡಿದ್ದು ಜಿಡಿಪಿಯ ಶೇಕಡಾ 0.64ರಷ್ಟು. 2023ರ ಕಾಯಿದೆಯಿಂದ ಬಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಕ್ಕೆ 50,000 ಕೋಟಿ ಎಂದರು. ಅದರಲ್ಲಿ ಸರಕಾರದ ಪಾಲು 14,000 ಕೋಟಿ. ಉಳಿದದ್ದು ಹೆಚ್ಚಾಗಿ ಖಾಸಗಿಯವರಿಂದ ಬರಬೇಕು. ಬೊಂಡಾಸಿನ ನರಕ್ಕೆ ಯಾವ ಕಂಪನಿ ದುಡ್ಡು ಹಾಕುತ್ತದೆ? ನನ್ನ ಬಳಿ ಕಲಿತ ಒಬ್ಬ ಹುಡುಗಿ ಬೇರೆ ಊರಿನ ಲ್ಯಾಬಿನಲ್ಲಿ ಚಾನೆಲ್ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಫೆಲೋಶಿಪ್ ತಿಂಗಳುಗಟ್ಟಲೆ ಬರಲಿಲ್ಲ. ಬಿಟ್ಟು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದಳು. ಅವಳ ಕೈ ಎಷ್ಟು ಸ್ಥಿರ ಇತ್ತು ಎಂದು ನನಗೆ ಗೊತ್ತು.

ವಿರೋಧಿಸುವವರಿಗೆ ಎಲ್ಲವೂ ನಾಳೆ ಬೆಳಿಗ್ಗೆಯೇ ಮಾತ್ರೆಯಾಗಿ ಕೈಗೆ ಬರಬೇಕು. ಹಾಗೆ ಬರುವುದಿಲ್ಲ. ನೋವಿನ ನರದ ಒಂದು ಸೋಡಿಯಂ ಬಾಗಿಲನ್ನು ಮಾತ್ರ ಹಿಡಿಯುವ ಸುಜೆಟ್ರಿಜಿನ್ ಎಂಬ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2025ರ ಜನವರಿಯಲ್ಲಿ. ಅಫೀಮಿನ ಜಾತಿಯ ಔಷಧಿಗಳ ಹಾಗೆ ಚಟ ಹಿಡಿಸುವುದಲ್ಲ ಅದು. 1952ರಿಂದ ಲೆಕ್ಕ ಹಾಕಿ. ಅಕ್ಕನ ಮಗಳಿಗೆ ಬೇಕಾದ ಔಷಧಿಯ ಲೆಕ್ಕ ಇಂದೇ ಶುರುವಾಗಬೇಕು.

ವಿರೋಧ: ಇರುವ ಮಾತ್ರೆ ಮೊದಲು ಮನೆ ಮುಟ್ಟಲಿ

ಸಂಪಾದಕರು ವಿರೋಧದ ಬದಿ ಬರೆಯಿರಿ ಎಂದರು, ಒಪ್ಪಿಕೊಂಡೆ. ಪೂರ್ತಿ ವಿರೋಧ ನನ್ನದಲ್ಲ, ಅದನ್ನು ಮೊದಲೇ ಹೇಳುತ್ತೇನೆ. ಅಧ್ಯಯನ ಆಗಲಿ. ಆದರೆ ಈಗಲೇ ಜಾಸ್ತಿ ಹಣ ಅದಕ್ಕೇ ಹೋಗಬೇಕೇ ಎಂದರೆ ನನ್ನ ಮನಸ್ಸು ಒಪ್ಪುವುದಿಲ್ಲ.

ಒಂದು ಮಾತು ಗಮನಿಸಬೇಕು. ಫಿಟ್ಸಿನ ಮಾತ್ರೆ ಫಿನೋಬಾರ್ಬಿಟೋನ್ ಬಂದದ್ದು 1912ರಲ್ಲಿ. ಫೆನಿಟಾಯಿನ್ ಫಿಟ್ಸಿಗೆ ಆಗುತ್ತದೆ ಎಂದು ತಿಳಿದದ್ದು 1938ರಲ್ಲಿ. ಆಗ ಅಯಾನ್ ಚಾನೆಲ್ ಯಾರಿಗೂ ಗೊತ್ತಿರಲಿಲ್ಲ. ಈ ಎರಡೂ ಮಾತ್ರೆ ಇಂದಿಗೂ ನಡೆಯುತ್ತಿವೆ. ಅಂದರೆ ಬಾಗಿಲು ನೋಡದೆಯೇ ಔಷಧಿ ಸಿಕ್ಕಿತ್ತು. ಬಾಗಿಲು ನೋಡಿದ ಮೇಲೆ ಸಿಗದೇ ಹೋದದ್ದೂ ಉಂಟು. ಪಾಕಿಸ್ತಾನದಲ್ಲಿ ನೋವೇ ಗೊತ್ತಾಗದ ಹುಡುಗನೊಬ್ಬನಿದ್ದ. ಅವನ ಬಂಧುಗಳಲ್ಲಿ ಒಂದು ಸೋಡಿಯಂ ಚಾನೆಲ್ಲಿನ ದೋಷ 2006ರಲ್ಲಿ ಗೊತ್ತಾಯಿತು. ಅದೇ ಚಾನೆಲ್ ಮುಚ್ಚುವ ನೋವಿನ ಮಾತ್ರೆಗೆ ದೊಡ್ಡ ದೊಡ್ಡ ಕಂಪನಿಗಳು ಹೊರಟವು. ಪ್ರಯೋಗಗಳು ಒಂದರ ಹಿಂದೆ ಒಂದು ಸೋತವು.

ಅಪರೂಪದ ಕಾಯಿಲೆಯ ಉದಾಹರಣೆ ಯಾರಾದರೂ ಕೊಡಬಹುದು. ಆ ಮಕ್ಕಳ ಬಗ್ಗೆ ನನಗೂ ಮರುಕ ಇದೆ. ಆದರೆ ನನ್ನ ಕಿಟಕಿಗೆ ಬರುತ್ತಿದ್ದವರು ಸಾಮಾನ್ಯ ಫಿಟ್ಸಿನವರು. ಫಿಟ್ಸ್ ಇರುವ ನೂರರಲ್ಲಿ ಎಪ್ಪತ್ತು ಜನ ಸರಿಯಾದ ಔಷಧಿ ಸಿಕ್ಕರೆ ಫಿಟ್ಸ್ ಇಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವರಿಗೆ ಬೇಕಾದದ್ದು ಹಳೆಯ ಮಾತ್ರೆಯೇ, ಅದೂ ತಪ್ಪದೆ ದಿನಾ.

ನಾನು ಕೆಲಸ ಮಾಡಿದ ಒಂದು ಆರೋಗ್ಯ ಕೇಂದ್ರದಲ್ಲಿ ಒಂದು ಮಳೆಗಾಲ ಈ ಮಾತ್ರೆಗಳು ಖಾಲಿಯಾದವು. ಇಂಡೆಂಟ್ (ಬೇಡಿಕೆ ಪಟ್ಟಿ) ಕಳಿಸಿದೆ, ಮತ್ತೆ ಕಳಿಸಿದೆ, ಫೋನ್ ಮಾಡಿದೆ. ಎರಡೂವರೆ ತಿಂಗಳು ಬರಲಿಲ್ಲ. ಅಳಿವೆಯ ಕಡೆಯಿಂದ ಒಬ್ಬಳು ಹೆಂಗಸು ತಿಂಗಳಿಗೊಮ್ಮೆ ಎರಡು ಬಸ್ ಹತ್ತಿ ಬರುತ್ತಿದ್ದಳು. ಎರಡು ಸಲ ಬರಿಗೈಯಲ್ಲಿ ಕಳಿಸಿದೆ. ಹೊರಗೆ ತೆಗೆದುಕೊಳ್ಳಮ್ಮ, ಬಿಡಬೇಡ ಎಂದೆ. "ಆಯ್ತು ಅಣ್ಣ" ಎಂದಳು. ತೆಗೆದುಕೊಂಡಿರಲಿಲ್ಲ. ಬಸ್ಸಿಗೇ ದುಡ್ಡು ಹೋಗಿತ್ತು.

ಮಳೆ ಬಿಟ್ಟ ಮೇಲೆ ನೀರು ಇಳಿದ ಹೊತ್ತಿಗೆ ಮರುವಾಯಿ (ಚಿಪ್ಪುಮೀನು) ಹೆಕ್ಕಲು ಹೋದಳು. ಅಲ್ಲೇ ಫಿಟ್ಸ್ ಬಂತು. ಮುಖ ಅಡಿಯಾಗಿ ಮೊಣಕಾಲು ಮಟ್ಟದ ನೀರಿಗೆ ಬಿದ್ದಳು. ಪಕ್ಕದಲ್ಲಿದ್ದವರು ಎಳೆದು ತಂದು ಕೈಗೆ ಬೀಗದ ಕೈ ಹಿಡಿಸಿದರಂತೆ. ಪುಣ್ಯಕ್ಕೆ ಯಾರೋ ಮಗ್ಗುಲಿಗೆ ಹೊರಳಿಸಿದರು. ನೀರು ಹೊರಗೆ ಬಂತು. ಬದುಕಿದಳು. ಆ ವಾರವೇ ನಮ್ಮಲ್ಲಿಗೆ ಮಾತ್ರೆಯ ಡಬ್ಬ ಬಂತು. ಅದನ್ನು ಒಡೆಯುವಾಗ ನನ್ನ ಕೈ ನಡುಗುತ್ತಿತ್ತು.

ಸಂಶೋಧನೆಯ ಹಣ ಬೇರೆ, ಮಾತ್ರೆಯ ಹಣ ಬೇರೆ, ಒಂದನ್ನು ತಡೆದರೆ ಇನ್ನೊಂದಕ್ಕೆ ಬರುವುದಿಲ್ಲ ಎಂದು ಹೇಳುತ್ತಾರೆ. ಇರಬಹುದು. ಎರಡೂ ನಮ್ಮದೇ ತೆರಿಗೆಯ ದುಡ್ಡು ಅಲ್ವಾ? ಯಾವುದು ಮೊದಲು ಎಂದು ಕೇಳುವ ಹಕ್ಕು ಅವಳಿಗೂ ಇದೆ.

ನಾನು ನಿವೃತ್ತನಾಗಿ ನಾಲ್ಕು ವರ್ಷವಾಯಿತು. ಬಸ್ ಹತ್ತುವ ಮೊದಲು ಅವಳು ಈಗಲೂ ನನಗೇ ಫೋನ್ ಮಾಡುತ್ತಾಳೆ. "ಅಣ್ಣ, ಮಾತ್ರೆ ಬಂದಿದೆಯಾ, ಒಮ್ಮೆ ಕೇಳಿ ಹೇಳ್ತೀರಾ?" ಕೇಳಿ ಹೇಳುತ್ತೇನೆ.