ಅಮಲ್ಜಾರಿ ಬಾಕಿ

ಮೊನ್ನೆ ಶನಿವಾರ ಲೋಕ ಅದಾಲತ್ ಇತ್ತು. ದಾವಣಗೆರೆ ನ್ಯಾಯಾಲಯದ ಆವರಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ನನ್ನದೂ ಒಂದು ಪಾಲು ವಿಭಾಗದ ದಾವೆ ರಾಜಿಯಾಯಿತು. ಭದ್ರಾ ನಾಲೆಯ ಕೊನೆ ಭಾಗದ ಊರು, ಹೆಸರು ಬೇಡ. ಅಣ್ಣ, ತಮ್ಮ, ನಾಲ್ಕು ಎಕರೆ ಭತ್ತದ ಗದ್ದೆ, ಹನ್ನೊಂದು ವರ್ಷದ ಮೊಕದ್ದಮೆ. ಸಂಧಾನಕಾರರು ಇಬ್ಬರನ್ನೂ ಗದರಿದರು, ಪುಸಲಾಯಿಸಿದರು, ಸತ್ತ ತಂದೆಯ ಹೆಸರು ಹೇಳಿ ಕಣ್ಣಲ್ಲಿ ನೀರು ತರಿಸಿದರು. ಊಟದ ಹೊತ್ತಿಗೆ ರಾಜಿ ಅರ್ಜಿ ಸಿದ್ಧವಾಗಿತ್ತು. ಸಹಿ ಹಾಕುವ ಮುನ್ನ ತಮ್ಮ ಪೆನ್ನು ಹಿಡಿದುಕೊಂಡೇ ಕೇಳಿದ: "ನಾಲೆ ನೀರಿನ ಸರದಿ ಇದರಲ್ಲಿ ಬರೆದಿದೆಯಾ ಸರ್?" ಬರೆದಿರಲಿಲ್ಲ. ಹನ್ನೊಂದು ವರ್ಷದ ಜಗಳ ಇದ್ದದ್ದೇ ಆ ಸರದಿಯ ಮೇಲೆ. "ಅದನ್ನೆಲ್ಲ ನೀವು ನೀವೇ ಮಾತಾಡಿಕೊಳ್ಳಿ, ಮೊದಲು ಸಹಿ ಹಾಕಪ್ಪ" ಎಂದು ನಾಲ್ಕು ಜನ ಒಟ್ಟಿಗೆ ಹೇಳಿದೆವು. ಅದರಲ್ಲಿ ನಾನೂ ಒಬ್ಬ.

ಚಹಾ ಕುಡಿಯುವಾಗ ನನ್ನ ಕಿರಿಯ ಸಹೋದ್ಯೋಗಿಗೆ ಹುಮ್ಮಸ್ಸು ಬಂದಿತ್ತು. "ಸರ್, ಜಗತ್ತಿನ ಈ ಜನಾಂಗೀಯ ಯುದ್ಧಗಳನ್ನೂ ಹೀಗೇ ಮುಗಿಸಬಹುದು. ದೊಡ್ಡ ದೇಶಗಳು ಎರಡೂ ಕಡೆಯವರ ಕುತ್ತಿಗೆಪಟ್ಟಿ ಹಿಡಿದು ಕೂರಿಸಬೇಕು, ಅಷ್ಟೇ." ನಾನು ಶ್ರೀಲಂಕಾ ಎಂದೆ. ಸಿಂಹಳರ ಸರ್ಕಾರಕ್ಕೂ ಪ್ರತ್ಯೇಕ ನಾಡು ಕೇಳಿದ ತಮಿಳು ಹುಲಿಗಳಿಗೂ (ಎಲ್‌ಟಿಟಿಇ) 2009ರವರೆಗೆ ನಡೆದ ಯುದ್ಧದ ಕಥೆ. ಅವನು ಹುಟ್ಟಿದ್ದು ಆ ಕಥೆಯ ಅರ್ಧ ಮುಗಿದ ಮೇಲೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬೆಳೆಸಿ ಬರೆಯುತ್ತಿದ್ದೇನೆ.

ಕುತ್ತಿಗೆಪಟ್ಟಿ ಹಿಡಿದು ಕೂರಿಸುವುದು ಹೇಗಿರುತ್ತದೆ ಎಂಬುದನ್ನು ನಮ್ಮ ದೇಶವೇ 1987ರಲ್ಲಿ ತೋರಿಸಿತು. ಶ್ರೀಲಂಕಾ ಸೇನೆ ತಮಿಳರ ಊರು ಜಾಫ್ನಾದ ಹೊಸ್ತಿಲಿಗೆ ಬಂದಿತ್ತು. ಜೂನ್ 3ರಂದು ಭಾರತ ಸಾಮಗ್ರಿ ತುಂಬಿದ ದೋಣಿಗಳನ್ನು ಕಳಿಸಿತು, ಅವರ ನೌಕಾಪಡೆ ತಡೆದು ವಾಪಸು ಅಟ್ಟಿತು. ಮರುದಿನವೇ ಬೆಂಗಳೂರಿನಿಂದ ಹಾರಿದ ನಮ್ಮ ಸಾಗಣೆ ವಿಮಾನಗಳು ಮಿರಾಜ್ ಯುದ್ಧವಿಮಾನಗಳ ಕಾವಲಿನಲ್ಲಿ ಜಾಫ್ನಾದ ಮೇಲೆ ಸುಮಾರು 25 ಟನ್ ಸಾಮಗ್ರಿ ಇಳಿಸಿದವು. ಬೇಳೆಕಾಳಿನ ಮೂಟೆಯ ಜೊತೆ ಬಿದ್ದದ್ದು ಬೆದರಿಕೆ ಎಂಬುದು ಕೊಲಂಬೊಗೆ ಅರ್ಥವಾಯಿತು. ಎರಡು ತಿಂಗಳು ತುಂಬುವುದರೊಳಗೆ, ಜುಲೈ 29ರಂದು, ಅಧ್ಯಕ್ಷ ಜಯವರ್ಧನೆ ರಾಜೀವ್ ಗಾಂಧಿಯವರ ಪಕ್ಕದಲ್ಲಿ ಕುಳಿತು ಪ್ರಾಂತಗಳಿಗೆ ಅಧಿಕಾರ ಕೊಡುವ ಒಪ್ಪಂದಕ್ಕೆ ಸಹಿ ಹಾಕಿದರು. ಆ ದಿನ ಕೊಲಂಬೊದಲ್ಲಿ ಕರ್ಫ್ಯೂ. ಅವರದೇ ಪ್ರಧಾನಿ ಪ್ರೇಮದಾಸ ಒಪ್ಪಂದಕ್ಕೆ ವಿರೋಧ. ಮರುದಿನ ಗೌರವ ವಂದನೆ ಸ್ವೀಕರಿಸುತ್ತಿದ್ದ ರಾಜೀವರ ಮೇಲೆ ಸಾಲಿನಲ್ಲಿ ನಿಂತಿದ್ದ ನಾವಿಕನೊಬ್ಬ ಬಂದೂಕಿನ ಹಿಡಿಯನ್ನೇ ಬೀಸಿದ. ಆ ಚಿತ್ರ ಪತ್ರಿಕೆಯಲ್ಲಿ ಬಂದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಇನ್ನು ಬಂದೂಕು ಹಿಡಿದು ಹೋರಾಡುತ್ತಿದ್ದ ಪಕ್ಷಗಾರ? ಹುಲಿಗಳ ನಾಯಕ ಪ್ರಭಾಕರನ್ ಸಹಿಯೇ ಆ ಪತ್ರದಲ್ಲಿಲ್ಲ. ಅವನನ್ನು ದೆಹಲಿಯ ಅಶೋಕ ಹೋಟೆಲಿನಲ್ಲಿ ಕಾವಲಿನಲ್ಲಿಟ್ಟು ಒಪ್ಪಿಸಲಾಗಿತ್ತು, ಅಥವಾ ಒಪ್ಪಿದ ಎಂದುಕೊಳ್ಳಲಾಗಿತ್ತು. ಕದನ ನಿಂತ 72 ಗಂಟೆಗಳಲ್ಲಿ ಉಗ್ರರು ಶಸ್ತ್ರ ಒಪ್ಪಿಸಬೇಕು ಎಂದು ಬರೆದುಕೊಂಡರು. ದಾಯಾದಿಗಳ ನಡುವಿನ ಬದು ಅಳೆಯಲು ಸರ್ವೆಯವರು ತೆಗೆದುಕೊಳ್ಳುವ ಸಮಯ ಗೊತ್ತಿದ್ದವರು ಹೀಗೆ ಬರೆಯುತ್ತಿರಲಿಲ್ಲ.

ಆಮೇಲಿನದನ್ನು ನಾನು ಪುಸ್ತಕಕ್ಕಿಂತ ಹೆಚ್ಚಾಗಿ ಕೇಳಿದ್ದು ನಮ್ಮ ನಿಟ್ಟುವಳ್ಳಿಯ ಒಬ್ಬ ನಿವೃತ್ತ ಹವಾಲ್ದಾರರಿಂದ. ಒಪ್ಪಂದದ ಜಾರಿಗೆಂದು ಭಾರತ ಕಳಿಸಿದ ಶಾಂತಿಪಾಲನಾ ಪಡೆಯಲ್ಲಿ ಹೋಗಿದ್ದವರು. "ಇಳಿದಾಗ ಹಾರ ಹಾಕಿದರು ವಕೀಲರೇ, ಎಳನೀರು ಕೊಟ್ಟರು. ಅಕ್ಟೋಬರಿನಲ್ಲಿ ಅದೇ ರಸ್ತೆಯಲ್ಲಿ ನೆಲಬಾಂಬು." ಅವರು ಈಗಲೂ ಮಣ್ಣಿನ ರಸ್ತೆಯಲ್ಲಿ ನಡೆಯುವಾಗ ಹಿಂದಿನವರ ಹೆಜ್ಜೆಯ ಮೇಲೇ ಹೆಜ್ಜೆ ಇಡುತ್ತಾರೆ. ನಾನು ಗಮನಿಸಿದ್ದು ಅವರಿಗೆ ಗೊತ್ತಿಲ್ಲ. ರಾಜಿ ಮಾಡಿಸಲು ಹೋದವರು ಪಕ್ಷಗಾರರಾದರು, ಸುಮಾರು 1,200 ಭಾರತೀಯ ಸೈನಿಕರು ಸತ್ತರು. ಒಪ್ಪಂದ ಉಳಿಸಬೇಕಿದ್ದ ಕೊಲಂಬೊ, ಪ್ರೇಮದಾಸ ಅಧ್ಯಕ್ಷರಾದ ಮೇಲೆ, ನಮ್ಮ ಸೈನ್ಯದ ವಿರುದ್ಧ ಹುಲಿಗಳಿಗೇ ಆಯುಧ ಕೊಟ್ಟಿತು. 1990ರ ಮಾರ್ಚಿನಲ್ಲಿ ಕೊನೆಯ ತುಕಡಿ ಮದ್ರಾಸಿಗೆ ಬಂದಿಳಿದಾಗ ಸ್ವಾಗತಿಸಲು ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ. ಹವಾಲ್ದಾರರಿಗೆ ನೆಲಬಾಂಬಿಗಿಂತ ಅದೇ ಹೆಚ್ಚು ನೋವು. ಮರುವರ್ಷ ಶ್ರೀಪೆರಂಬದೂರಿನಲ್ಲಿ ಹುಲಿಗಳ ಬಾಂಬಿಗೆ ರಾಜೀವ್ ಬಲಿಯಾದರು.

ಇಷ್ಟು ಕೇಳಿ ಸಹೋದ್ಯೋಗಿ, "ಹಾಗಾದರೆ ಹೊರಗಿನವರು ಸುಮ್ಮನಿರಬೇಕಿತ್ತು ಎನ್ನುತ್ತೀರಾ?" ಎಂದ. ಇಲ್ಲ. ಹೊರಗಿನವರಿಲ್ಲದೆ ಅವರವರೇ ಮಾಡಿಕೊಂಡ ರಾಜಿಯ ಗತಿಯೂ ಗೊತ್ತು. 1956ರಲ್ಲಿ ಸಿಂಹಳವೊಂದೇ ಅಧಿಕೃತ ಭಾಷೆ ಎಂದು ಕಾನೂನು ತಂದ ಪ್ರಧಾನಿ ಬಂಡಾರನಾಯಕೆ, ಮರುವರ್ಷ ತಮಿಳು ನಾಯಕ ಚೆಲ್ವನಾಯಕಂ ಜೊತೆ ಕುಳಿತು ಪ್ರಾದೇಶಿಕ ಮಂಡಳಿಗಳಿಗೆ ಒಪ್ಪಿದ್ದರು. 1958ರಲ್ಲಿ ಬೌದ್ಧ ಭಿಕ್ಷುಗಳು ಅವರ ಮನೆಯ ಮುಂದೆ ಬಂದು ಕುಳಿತರು, ಒಪ್ಪಂದ ರದ್ದಾಯಿತು. ಒಂದು ಹನಿ ರಕ್ತ ಚೆಲ್ಲದೆ ಮುಗಿಯಬಹುದಾಗಿದ್ದ ವ್ಯಾಜ್ಯ ಅದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಾನು ಹೇಳುವುದು ಬೇರೆ. ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ಮಾತು: ಡಿಕ್ರಿ, ಅಂದರೆ ನ್ಯಾಯಾಲಯದ ತೀರ್ಪು, ಸಿಗುವುದು ಸುಲಭ; ಅಮಲ್ಜಾರಿ, ಅಂದರೆ ಅದನ್ನು ಜಾರಿಗೆ ತರುವುದು, ಕಷ್ಟ. ಕಕ್ಷಿದಾರನ ನಿಜವಾದ ಗೋಳು ಶುರುವಾಗುವುದೇ ಡಿಕ್ರಿ ಕೈಗೆ ಬಂದ ದಿನ. ಜಗತ್ತಿನ ರಾಜತಾಂತ್ರಿಕರು ಸಹಿ ಹಾಕಿಸುವುದರಲ್ಲಿ ನಿಪುಣರು, ಅಮಲ್ಜಾರಿಗೆ ವಕಾಲತ್ತು ಹಾಕುವವರು ಅವರಲ್ಲಿ ಕಡಿಮೆ.

ಶ್ರೀಲಂಕಾಕ್ಕೆ ಸಂಧಾನಕ್ಕೆಂದು ನಾರ್ವೆಯವರು ಬಂದದ್ದನ್ನೇ ನೋಡಿ. 2002ರ ಫೆಬ್ರವರಿಯ ಕದನವಿರಾಮ, ಆರು ಸುತ್ತಿನ ಮಾತುಕತೆ, ಆ ಡಿಸೆಂಬರಿನಲ್ಲಿ ಓಸ್ಲೊದಲ್ಲಿ ಒಕ್ಕೂಟ ವ್ಯವಸ್ಥೆಯನ್ನು ಪರಿಶೀಲಿಸಲು ಎರಡೂ ಕಡೆಯವರ ಒಪ್ಪಿಗೆ. 2003ರ ಜೂನಿನಲ್ಲಿ ಟೋಕಿಯೊದಲ್ಲಿ ದಾನಿ ದೇಶಗಳು 450 ಕೋಟಿ ಡಾಲರ್ ಭರವಸೆ ಕೊಟ್ಟವು, ಶಾಂತಿ ಮುಂದುವರಿದರೆ ಮಾತ್ರ ಎಂಬ ಷರತ್ತಿನೊಡನೆ. ಹುಲಿಗಳು ಆ ಸಭೆಗೇ ಹೋಗಲಿಲ್ಲ. ಕದನವಿರಾಮದ ಉಸ್ತುವಾರಿಗೆಂದು ಬಂದ ನಾರ್ಡಿಕ್ ದೇಶಗಳವರು ಉಲ್ಲಂಘನೆಗಳನ್ನು ಲೆಕ್ಕ ಬರೆದಿಟ್ಟರು. ತಡೆಯುವ ಅಧಿಕಾರ ಅವರಿಗಿರಲಿಲ್ಲ. ಡಿಕ್ರಿ ಜಾರಿಗೆ ಹೋಗುವ ನಮ್ಮ ನ್ಯಾಯಾಲಯದ ಅಮೀನ ಕನಿಷ್ಠ ಪೊಲೀಸರನ್ನು ಕರೆದುಕೊಂಡು ಹೋಗಿ ಬಾಗಿಲು ತಟ್ಟಬಹುದು.

ಮತ್ತೆ, ಆ ಮಾತುಕತೆಯಲ್ಲಿ ಪೂರ್ವ ಪ್ರಾಂತದ ಮುಸ್ಲಿಮರು ತಮಗೂ ಪ್ರತ್ಯೇಕ ಕುರ್ಚಿ ಕೊಡಿ ಎಂದು ಕೇಳುತ್ತಲೇ ಇದ್ದರು. 1990ರಲ್ಲಿ ಹುಲಿಗಳು ಜಾಫ್ನಾದ ಮುಸ್ಲಿಮರಿಗೆ ಎರಡೇ ಗಂಟೆ ಗಡುವು ಕೊಟ್ಟು ಮನೆಮಠ ಬಿಡಿಸಿದ್ದರು. ಕುರ್ಚಿ ಸಿಗಲಿಲ್ಲ.

2009ರ ವೇಳೆಗೆ ಯಾರ ಮಾತೂ ಯಾರಿಗೂ ಬೇಕಿರಲಿಲ್ಲ. ಏಪ್ರಿಲ್ ಕೊನೆಯಲ್ಲಿ ಬ್ರಿಟನ್ ಮತ್ತು ಫ್ರಾನ್ಸಿನ ವಿದೇಶಾಂಗ ಸಚಿವರು ಕೊಲಂಬೊಗೆ ಬಂದು ಯುದ್ಧ ನಿಲ್ಲಿಸಿ ಎಂದರು. ಗೆಲುವು ಕಣ್ಣಳತೆಯಲ್ಲಿದ್ದ ರಾಜಪಕ್ಸ ಸರ್ಕಾರ ಕಾಫಿ ಕೊಟ್ಟು ಕಳಿಸಿತು ಎಂದು ನಾನು ತಮಾಷೆಗೆ ಹೇಳುವುದುಂಟು, ಆದರೆ ತಮಾಷೆಯ ವಿಷಯವಲ್ಲ. ಕೊನೆಯ ತಿಂಗಳುಗಳಲ್ಲಿ 40,000ದವರೆಗೂ ನಾಗರಿಕರು ಸತ್ತಿರಬಹುದು ಎಂದು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ನೇಮಿಸಿದ್ದ ತಜ್ಞರ ಸಮಿತಿ 2011ರಲ್ಲಿ ಹೇಳಿತು. ಯುದ್ಧ ಮುಗಿದ ಕೆಲವೇ ದಿನಗಳಲ್ಲಿ ಜಿನೀವಾದ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯಲ್ಲಿ ಶ್ರೀಲಂಕಾದ ಪರವಾದ ನಿರ್ಣಯಕ್ಕೆ ಭಾರತ ಮತ ಹಾಕಿತು, 2012ರಲ್ಲಿ ವಿರುದ್ಧದ ನಿರ್ಣಯಕ್ಕೂ ಹಾಕಿತು. ಒಬ್ಬ ವಕೀಲ ಎರಡೂ ಕಡೆ ವಾದಿಸಿದಂತೆ.

1987ರ ಒಪ್ಪಂದದಿಂದ ಹುಟ್ಟಿದ 13ನೇ ತಿದ್ದುಪಡಿ ಅಲ್ಲಿನ ಸಂವಿಧಾನದಲ್ಲಿ ಈಗಲೂ ಇದೆ. ಪ್ರಾಂತಗಳಿಗೆ ಭೂಮಿ ಮತ್ತು ಪೊಲೀಸ್ ಅಧಿಕಾರ ಎಂದು ಬರೆದದ್ದು ಕಾಗದದಲ್ಲೇ ಉಳಿಯಿತು. ಉತ್ತರ ಪ್ರಾಂತದ ಮಂಡಳಿಗೆ ಮೊದಲ ಚುನಾವಣೆ ನಡೆದದ್ದೇ 2013ರಲ್ಲಿ. 2018ರಲ್ಲಿ ಅದರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಮತ್ತೆ ಚುನಾವಣೆಯೇ ಇಲ್ಲ. ದೆಹಲಿಯಿಂದ ಹೋದವರೆಲ್ಲ ತಿದ್ದುಪಡಿಯನ್ನು ಪೂರ್ತಿ ಜಾರಿ ಮಾಡಿ ಎಂದು ಹೇಳಿ ಬರುತ್ತಾರೆ. ನ್ಯಾಯಾಲಯದಲ್ಲಿ ಹೀಗೆ ಮುಂದಿನ ದಿನಾಂಕಕ್ಕೆ ಹಾಕುತ್ತಲೇ ಹೋಗುವುದನ್ನು ನಾವು ವಾಯಿದೆ ಎನ್ನುತ್ತೇವೆ.

ಸೋಮವಾರ ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕುಳಿತಿದ್ದರು. ಪ್ಲಾಸ್ಟಿಕ್ ಚೀಲದಲ್ಲಿ ಪಹಣಿ, ಆಧಾರ್. ಆ ಅಣ್ಣತಮ್ಮಂದಿರ ಅಕ್ಕ. ಹರಿಹರಕ್ಕೆ ಕೊಟ್ಟ ಮಗಳು. ದಾವೆಯಲ್ಲಿ ಅವರ ಹೆಸರು ಸೇರಿಸಿರಲಿಲ್ಲ. ಸೇರಿಸಿ ಎಂದು ನಾನೇ ಒಮ್ಮೆ ಹೇಳಿ, ಅಣ್ಣ ಬೇಡವೆಂದಾಗ ಸುಮ್ಮನಾಗಿದ್ದೆ. "ರಾಜಿ ಆಯಿತಂತೆ ಸರ್. ನನ್ನ ಸಹಿ ಬೇಡವಾ?" ಎಂದು ಕೇಳಿದರು. ನಾನು ಅಣ್ಣನ ಪರ ವಕೀಲ, ನಿಮ್ಮ ವಕಾಲತ್ತು ತೆಗೆದುಕೊಳ್ಳುವಂತಿಲ್ಲ ತಾಯಿ ಎಂದು ಹೇಳಿ, ಮೂರು ಬಾಗಿಲು ಆಚೆಗಿನ ಕಚೇರಿ ತೋರಿಸಿದೆ. ಅಲ್ಲಿ ಇನ್ನೂ ಬೀಗ ಹಾಕಿತ್ತು. ಅವರು ಅಲ್ಲಿಯ ಮೆಟ್ಟಿಲ ಮೇಲೆ ಹೋಗಿ ಕುಳಿತರು.